ಮಡಚುವ ಚಾಕು: ಬೆಲೆಯೋ, ಬೀಗವೋ?

ಆಷಾಢದ ಹೊತ್ತಿಗೆ ಅಸ್ಸಿಯ ನಮ್ಮ ಮನೆಗಳಿಗೆ ಲಂಗಡಾ ಮಾವು ಬರುತ್ತದೆ. ಹೆಚ್ಚಲು ಮಡಚುವ ಚಾಕು ಬೇಕು. ಬೆಲೆ ಹೆಚ್ಚಿದ್ದರೆ ನೆಚ್ಚಬಹುದೇ? ಬೆರಳನ್ನು ಕಾಯುವುದು ಬೆಲೆಯಲ್ಲ, ಕೀಲು. ಹೆಸರಾಂತ ಸ್ವಿಸ್ ಚಾಕುಗಳಲ್ಲಿಯೂ ಅನೇಕವು ಬರಿಯ ಸ್ಪ್ರಿಂಗಿನ ಬಲದಿಂದ ನಿಲ್ಲುವಂಥವು; ಅಲಗಿನ ಬೆನ್ನಿಗೆ ಒತ್ತು ಬಿದ್ದರೆ ಬೆರಳ ಮೇಲೆ ಮಡಚಿಕೊಂಡಾವು. ಫ್ರಾನ್ಸಿನ ಒಪಿನೆಲ್ ಮನೆತನದವರು 1890ರಲ್ಲಿ ಆರಂಭಿಸಿದ, ಮರದ ಹಿಡಿಯ ಅಗ್ಗದ ಚಾಕುವಿಗೆ 1955ರಲ್ಲಿ ತಿರುಗಿಸುವ ಉಂಗುರ ತೊಡಿಸಿದರು. ತೆರೆದ ಅಲಗು ತಾನಾಗಿ ಮಡಚದಾಯಿತು.

ಆದುದರಿಂದ ಕೊಳ್ಳುವಾಗ ಬೀಗವುಂಟೇ ಎಂದು ಕೇಳಿರಿ. ಅಲಗನ್ನು ಬಿಚ್ಚಿ, ಅತ್ತಿತ್ತ ಅಲುಗಾಡಿಸಿ ನೋಡಿರಿ. ಕಾರ್ಬನ್ ಉಕ್ಕಾದರೆ ಮಾವಿನ ಹುಳಿಗೆ ಕಪ್ಪಾಗಿ, ಒದ್ದೆಗೆ ತುಕ್ಕು ಹಿಡಿದೀತು. ಕೂಡಲೇ ಒರಸಿ, ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಡಿರಿ. ಬೀಗವಿಲ್ಲದ ಚಾಕು, ಎಷ್ಟೇ ಬೆಲೆಯದಾದರೂ, ಮಕ್ಕಳ ಕೈಗೆ ಬೇಡ.