ಪ್ಯಾಕೆಟ್ ಬೀಳಿಸುವ ರೌಟರ್ ಕೆಟ್ಟ ರೌಟರ್ ಅಲ್ಲ

ಒಂದು ಪ್ಯಾಕೆಟ್ಟೂ ಬೀಳದ ಜಾಲವೇ ಒಳ್ಳೆಯ ಜಾಲ ಎಂಬ ನಂಬಿಕೆ ಬಳಕೆದಾರರಲ್ಲಷ್ಟೇ ಅಲ್ಲ, ಉಪಕರಣ ತಯಾರಿಸುವವರಲ್ಲೂ ಬಹುಕಾಲ ಬೇರೂರಿತ್ತು. ಮೆಮೊರಿ ಅಗ್ಗವಾದಂತೆಲ್ಲ ಮೋಡೆಮ್, ರೌಟರ್‌ಗಳ ಬಫರ್ ಹಿಗ್ಗುತ್ತ ಹೋಯಿತು. ಬಂದದ್ದನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿಕೊಂಡರೆ ಏನೂ ಕಳೆದುಹೋಗುವುದಿಲ್ಲ ಎಂಬುದು ಇದರ ಹಿಂದಿನ ಲೆಕ್ಕ. ಆದರೆ ಸಾಲಿನಲ್ಲಿ ನಿಂತ ಪ್ಯಾಕೆಟ್ಟಿಗೆ ಹೊತ್ತು ಹಿಡಿಯುತ್ತದೆ. ಅಪ್‌ಲೋಡ್ ವೇಗ ಸೆಕೆಂಡಿಗೆ 1 ಮೆಗಾಬಿಟ್ ಇರುವ ಮೋಡೆಮ್‌ನಲ್ಲಿ 256 ಕಿಲೋಬೈಟ್ ಬಫರ್ ಇದೆ ಎಂದುಕೊಳ್ಳಿ. ಅದು ತುಂಬಿದರೆ ಒಳಗಿರುವುದು ಸುಮಾರು 21 ಲಕ್ಷ ಬಿಟ್; ಕೊನೆಗೆ ಸೇರಿದ ಪ್ಯಾಕೆಟ್ ಹೊರಬರಲು 2 ಸೆಕೆಂಡಿಗೂ ಹೆಚ್ಚು ಬೇಕು. ಮನೆಯಲ್ಲಿ ಒಬ್ಬರು ಫೋಟೊಗಳನ್ನು ಅಪ್‌ಲೋಡ್ ಮಾಡುವಾಗ ಇನ್ನೊಬ್ಬರ ವಿಡಿಯೊ ಕಾಲ್ ತಡವರಿಸಲು ಇದು ದೊಡ್ಡ ಕಾರಣ. ಜಿಮ್ ಗೆಟಿಸ್ ಮತ್ತವರ ಜೊತೆಗಾರರು 2011ರ ಹೊತ್ತಿಗೆ ‘ಬಫರ್‌ಬ್ಲೋಟ್’ ಎಂದು ಕರೆದು ಎಲ್ಲರ ಗಮನ ಸೆಳೆದದ್ದು ಈ ರೋಗದತ್ತಲೇ.

ದೊಡ್ಡ ಬಫರ್ ಇದ್ದರೂ ಅದು ಯಾಕೆ ತುಂಬಲೇಬೇಕು ಎಂದು ಕೇಳಬಹುದು. ಉತ್ತರ, ಕಂಪ್ಯೂಟರ್‌ಗಳು ಜಾಲದಲ್ಲಿ ಮಾಹಿತಿ ಕಳಿಸಲು ಬಳಸುವ ಟಿಸಿಪಿ ಎಂಬ ನಿಯಮಾವಳಿಯ ಸ್ವಭಾವದಲ್ಲಿದೆ. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ದಟ್ಟಣೆಯಿಂದ ಕುಸಿದು, ಸೆಕೆಂಡಿಗೆ 32 ಕಿಲೋಬಿಟ್ ಇದ್ದ ವೇಗ 40 ಬಿಟ್‌ಗೆ ಇಳಿಯಿತು. ಇದನ್ನು ಕಂಡ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದ ತಿರುಳು ಇಷ್ಟು: ಪ್ಯಾಕೆಟ್ ಬಿದ್ದರೆ ದಾರಿಯಲ್ಲಿ ದಟ್ಟಣೆ ಇದೆ ಎಂದು ತಿಳಿದು, ಕಳಿಸುವ ಕಂಪ್ಯೂಟರ್ ವೇಗ ತಗ್ಗಿಸಬೇಕು, ಬೀಳದಿದ್ದರೆ ನಿಧಾನಕ್ಕೆ ಏರಿಸುತ್ತ ಹೋಗಬೇಕು. ಬಫರ್ ದೊಡ್ಡದಾದಷ್ಟೂ ಈ ಸುದ್ದಿ ತಲುಪುವುದು ತಡ, ಅಷ್ಟರವರೆಗೆ ವೇಗ ಏರುತ್ತಲೇ ಇರುತ್ತದೆ. ಬಿದ್ದ ಪ್ಯಾಕೆಟ್ಟನ್ನು ಟಿಸಿಪಿ ಹೇಗೂ ಮತ್ತೆ ಕಳಿಸುತ್ತದೆ, ಫೈಲಿನ ಒಂದಕ್ಷರವೂ ಕಳೆಯುವುದಿಲ್ಲ. ದಟ್ಟಣೆಯ ಸುಳಿವು ಕೊಡುವ ಇಸಿಎನ್ ಎಂಬ ವ್ಯವಸ್ಥೆ ಇರುವ ಕಡೆ ಬೀಳಿಸುವ ಬದಲು ಪ್ಯಾಕೆಟ್ಟಿನ ಮೇಲೆ ಗುರುತು ಹಾಕಿದರೂ ಸಾಕು.

ಹಾಗಾದರೆ ಹೆಚ್ಚು ವೇಗದ ಪ್ಲಾನ್ ತೆಗೆದುಕೊಂಡರೆ ಆಯಿತಲ್ಲ ಎನ್ನುವವರ ಮಾತಿನಲ್ಲಿ ಅರ್ಧ ನಿಜವಿದೆ. ಅದೇ 256 ಕಿಲೋಬೈಟ್, 100 ಮೆಗಾಬಿಟ್ ಸಂಪರ್ಕದಲ್ಲಿ 21 ಮಿಲಿಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಆದರೆ ಹೊರಗಿನ ತಂತಿ ವೇಗವಾದ ಮೇಲೆ ಇಕ್ಕಟ್ಟು ಮನೆಯೊಳಗಿನ ವೈಫೈಗೆ ವರ್ಗವಾಗುವುದು ಸಾಮಾನ್ಯ. ಸಿಗ್ನಲ್ ಸೊರಗಿದ ಮೂಲೆಯ ಕೋಣೆಯಲ್ಲಿ ಅದೇ ಸಾಲು ಮತ್ತೆ ಬೆಳೆಯುತ್ತದೆ. ಬಫರನ್ನೇ ಕಿರಿದು ಮಾಡುವುದೂ ಪರಿಹಾರವಲ್ಲ. ಪ್ಯಾಕೆಟ್ಟುಗಳು ಗುಂಪುಗುಂಪಾಗಿ ಬರುತ್ತವೆ, ಕ್ಷಣಕಾಲ ತಡೆದುಕೊಳ್ಳಲು ಜಾಗ ಬೇಕೇ ಬೇಕು. ವೇಗ ನಿಮಿಷಕ್ಕೊಂದು ಥರ ಇರುವಲ್ಲಿ ಇಂತಿಷ್ಟೇ ಉದ್ದ ಸರಿ ಎನ್ನುವಂತಿಲ್ಲ. ಸ್ಯಾಲಿ ಫ್ಲಾಯ್ಡ್ ಮತ್ತು ಜೇಕಬ್ಸನ್ 1993ರಲ್ಲಿ ರೂಪಿಸಿದ ‘ರೆಡ್’ ವಿಧಾನ ಎಡವಿದ್ದು ಇಲ್ಲೇ. ಅದು ಸಾಲಿನ ಸರಾಸರಿ ಉದ್ದ ನೋಡಿ ಪ್ಯಾಕೆಟ್ ಬೀಳಿಸುತ್ತಿತ್ತು; ಒಂದು ಸಂಪರ್ಕಕ್ಕೆ ಹೊಂದಿಸಿದ ಮಿತಿಗಳು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ.

ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ‘ಕೋಡೆಲ್’ ಎಷ್ಟು ಪ್ಯಾಕೆಟ್ ನಿಂತಿವೆ ಎಂದು ಎಣಿಸುವುದಿಲ್ಲ, ಎಷ್ಟು ಹೊತ್ತು ನಿಂತಿವೆ ಎಂದು ಅಳೆಯುತ್ತದೆ. ಒಳಬರುವ ಪ್ರತಿ ಪ್ಯಾಕೆಟ್ಟಿಗೂ ವೇಳೆ ಗುರುತಿಸಿ, ಹೊರಡುವಾಗ ಲೆಕ್ಕ ಹಾಕುತ್ತದೆ. 100 ಮಿಲಿಸೆಕೆಂಡಿನ ಉದ್ದಕ್ಕೂ ಕಾಯುವಿಕೆ ಒಮ್ಮೆಯೂ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಒಂದು ಪ್ಯಾಕೆಟ್ ಬೀಳಿಸುತ್ತದೆ. ಅದಕ್ಕೂ ಸಾಲು ಕರಗದಿದ್ದರೆ 100 ಮಿಲಿಸೆಕೆಂಡ್ ಬಿಟ್ಟು ಇನ್ನೊಂದು, ನಂತರ 71, ಆಮೇಲೆ 58 ಮಿಲಿಸೆಕೆಂಡಿಗೆ ಮತ್ತೊಂದು, ಹೀಗೆ ಒತ್ತಡ ಹೆಚ್ಚಿಸುತ್ತ ಹೋಗುತ್ತದೆ. ಗುಂಪಾಗಿ ಬಂದು ಕೂಡಲೇ ಕರಗುವ ಸಾಲನ್ನು ಮುಟ್ಟುವುದಿಲ್ಲ. ಇದರ ಜೊತೆಗೆ ಪ್ರತಿ ಹರಿವಿಗೂ ಬೇರೆ ಸಾಲು ಕೊಡುವ ‘ಎಫ್‌ಕ್ಯೂ ಕೋಡೆಲ್’ ಅದೇ ವರ್ಷ ಲಿನಕ್ಸ್‌ಗೆ ಬಂತು. ಭಾರಿ ಅಪ್‌ಲೋಡ್ ನಡೆಯುತ್ತಿದ್ದರೂ ಧ್ವನಿ ಕರೆಯ ಸಣ್ಣ ಪ್ಯಾಕೆಟ್ಟುಗಳು ಅದರ ಹಿಂದೆ ಕಾಯಬೇಕಿಲ್ಲ. ಇದೇ ಬಗೆಯ ‘ಎಫ್‌ಕ್ಯೂ ಪೈ’ 2020ರಲ್ಲಿ ಲಿನಕ್ಸ್ ಕರ್ನಲ್ ಸೇರಿದ್ದು ನಮ್ಮ ಸುರತ್ಕಲ್‌ನ ಎನ್‌ಐಟಿಕೆಯವರ ಶ್ರಮದಿಂದ. ಇದು ಕನ್ನಡನಾಡಿನಲ್ಲಿ ಇನ್ನಷ್ಟು ಜನಕ್ಕೆ ಗೊತ್ತಿರಬೇಕಾದ ಸಂಗತಿ.

ಇನ್ನು ಹೊಂದಾಣಿಕೆಯ ಗೊಡವೆಯೇ ಇಲ್ಲ ಎಂಬುದು ಹೊಸ ತಪ್ಪು ಕಲ್ಪನೆ. 1 ಮೆಗಾಬಿಟ್ ಸಂಪರ್ಕದಲ್ಲಿ 1500 ಬೈಟಿನ ಒಂದೇ ಪ್ಯಾಕೆಟ್ ಹೊರಡಲು 12 ಮಿಲಿಸೆಕೆಂಡ್ ಬೇಕಾದಾಗ 5ರ ಗುರಿ ನಡೆಯದು, ಅದನ್ನು ಏರಿಸಬೇಕು. ಅದಕ್ಕಿಂತ ಮುಖ್ಯವಾದದ್ದು, ಸಾಲು ಬೆಳೆಯುವ ಜಾಗದಲ್ಲೇ ಈ ನಿಯಂತ್ರಣ ಇರಬೇಕು. ಕಂಪನಿ ಕೊಟ್ಟ ಮೋಡೆಮ್‌ನಲ್ಲಿ ಸಾಲು ಬೆಳೆಯುತ್ತಿದ್ದರೆ ನಿಮ್ಮ ರೌಟರ್‌ನಲ್ಲಿ ಕೋಡೆಲ್ ಇದ್ದೂ ಇಲ್ಲದಂತೆ. ರೌಟರ್‌ನ ವೇಗವನ್ನು ಸಂಪರ್ಕದ ನಿಜವೇಗದ ಶೇ 90ರ ಸುಮಾರಿಗೆ ಇಳಿಸಿದರೆ ಸಾಲು ರೌಟರ್‌ಗೆ ಬಂದು ಅದರ ಹಿಡಿತಕ್ಕೆ ಸಿಗುತ್ತದೆ. ಸ್ಪೀಡ್ ಟೆಸ್ಟ್‌ನಲ್ಲಿ ಮೆಗಾಬಿಟ್ ಒಂದನ್ನೇ ನೋಡಿ ತೃಪ್ತರಾಗಬೇಡಿ. ದೊಡ್ಡ ಫೈಲೊಂದನ್ನು ಅಪ್‌ಲೋಡ್‌ಗೆ ಹಚ್ಚಿ, ಜೊತೆಗೆ ಪಿಂಗ್ ಓಡಿಸಿ ನೋಡಿ. 20 ಮಿಲಿಸೆಕೆಂಡ್ ಇದ್ದದ್ದು ನೂರಾರಕ್ಕೆ ಜಿಗಿದರೆ, ಪ್ಲಾನ್ ಬದಲಿಸುವ ಮುನ್ನ ರೌಟರ್‌ನಲ್ಲಿ ಹೀಗೆ ಸಾಲನ್ನು ಹಿಡಿತದಲ್ಲಿಡುವ ಎಸ್‌ಕ್ಯೂಎಂ ಎಂಬ ಸೌಲಭ್ಯ ಇದೆಯೇ ಎಂದು ಹುಡುಕಿ, ಇದ್ದರೆ ಹಾಕಿಕೊಳ್ಳಿ.