ಕ್ರಯಪತ್ರದ ಹಿಂದಿರುವ ಪತ್ರಗಳು

ಕರ್ನಾಟಕದಲ್ಲಿ ಮನೆ ಅಥವಾ ನಿವೇಶನ ಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳು ಹಲವಾದರೂ ಅವುಗಳಲ್ಲಿ ಬಹುಪಾಲು ಒಂದೇ ತಪ್ಪು ನಂಬಿಕೆಯಿಂದ ಹುಟ್ಟಿದವು. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಯಿತೆಂದರೆ ಆಸ್ತಿಯ ಒಡೆತನಕ್ಕೆ ಸರ್ಕಾರವೇ ಜಾಮೀನು ನಿಂತಂತೆ ಎಂಬುದು ಆ ನಂಬಿಕೆ. 1908ರ ನೋಂದಣಿ ಕಾಯ್ದೆಯಲ್ಲಿ ಅಂಥ ಜಾಮೀನು ಇಲ್ಲ. ಪತ್ರ ಬರೆದುಕೊಟ್ಟವರು ತಾವೇ ಎಂದು ಒಪ್ಪುತ್ತಾರೆಯೇ, ಅವರ ಗುರುತು ಸಾಬೀತಾಗಿದೆಯೇ, ಮುದ್ರಾಂಕ ಶುಲ್ಕ ಸಂದಿದೆಯೇ ಎಂಬುದನ್ನು ನೋಂದಣಾಧಿಕಾರಿ ನೋಡುತ್ತಾರೆಯೇ ಹೊರತು, ಮಾರುವವರಿಗೆ ಮಾರುವ ಹಕ್ಕು ನಿಜವಾಗಿ ಇತ್ತೇ ಎಂದು ತೀರ್ಮಾನಿಸುವುದಿಲ್ಲ. ಆ ಅಧಿಕಾರ ಅವರಿಗಿಲ್ಲವೆಂಬುದನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಹೀಗಾಗಿ ಹಕ್ಕನ್ನು ಪರಿಶೀಲಿಸುವ ಹೊಣೆ ಕೊಳ್ಳುವವರ ಹೆಗಲಿಗೇ ಬೀಳುತ್ತದೆ. ಜೀವಮಾನದ ಉಳಿತಾಯವನ್ನು ಒಂದೇ ವ್ಯವಹಾರಕ್ಕೆ ಸುರಿಯುವ ಕುಟುಂಬಕ್ಕೆ ಇದು ಸಣ್ಣ ಹೊಣೆಯಲ್ಲ.

ಈ ಪರಿಶೀಲನೆಯ ತಿರುಳು ಹಕ್ಕಿನ ಸರಪಳಿಯಲ್ಲಿದೆ. ಆಸ್ತಿ ಮೊದಲು ಯಾರ ಕೈಯಲ್ಲಿತ್ತು, ಅವರಿಂದ ಯಾವ ಪತ್ರದ ಮೂಲಕ ಯಾರಿಗೆ ಬಂತು ಎಂದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಮಂಜೂರಾತಿ ಪತ್ರಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸುವುದೇ ಅದರ ಕ್ರಮವಾಗಿದ್ದು, ವಕೀಲರು ಸಾಮಾನ್ಯವಾಗಿ ಕನಿಷ್ಠ 30 ವರ್ಷಗಳಷ್ಟು ಹಿಂದಕ್ಕೆ ಹೋಗುತ್ತಾರೆ. ಸರಪಳಿ ಹೆಚ್ಚಾಗಿ ತುಂಡಾಗುವುದು ಕುಟುಂಬದ ಆಸ್ತಿಗಳಲ್ಲಿ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲಿಯೇ ಹಕ್ಕು ನೀಡಿತ್ತು. 2005ರ ಕೇಂದ್ರ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿತು. ಆದರೂ ಮದುವೆಯಾಗಿ ಹೋದ ಸಹೋದರಿಯರ ಸಹಿ ಪಡೆಯದೆ ಅಣ್ಣತಮ್ಮಂದಿರಷ್ಟೇ ಸೇರಿ ಬರೆದುಕೊಟ್ಟ ಪತ್ರಗಳು ಇಂದಿಗೂ ಕಾಣಸಿಗುತ್ತವೆ, ವರ್ಷಗಳ ನಂತರ ಅವೇ ಪಾಲಿನ ದಾವೆಗಳಾಗಿ ನ್ಯಾಯಾಲಯಕ್ಕೆ ಬರುತ್ತವೆ. ವಂಶವೃಕ್ಷವನ್ನು ತರಿಸಿ ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಿದ್ದಾರೆಯೇ ಅಥವಾ ನೋಂದಾಯಿತ ಹಕ್ಕು ಖುಲಾಸೆ ಪತ್ರದ ಮೂಲಕ ತಮ್ಮ ಪಾಲನ್ನು ಬಿಟ್ಟುಕೊಟ್ಟಿದ್ದಾರೆಯೇ ಎಂದು ನೋಡುವುದು ಆ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ನ್ಯಾಯವೂ ಹೌದು, ಕೊಳ್ಳುವವರ ರಕ್ಷಣೆಯೂ ಹೌದು.

ಮಂಜೂರಾದ ಜಮೀನುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕುಟುಂಬಗಳಿಗೆ ಸರ್ಕಾರ ನೀಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು ರಾಜ್ಯದ 1978ರ ಕಾಯ್ದೆ, ಅಂದರೆ ಜನರ ಬಾಯಲ್ಲಿ ಪಿಟಿಸಿಎಲ್ ಎಂದಾಗಿರುವ ಕಾಯ್ದೆ, ನಿಷೇಧಿಸುತ್ತದೆ. ಅಂಥ ಕ್ರಯವನ್ನು ಉಪವಿಭಾಗಾಧಿಕಾರಿ ರದ್ದುಗೊಳಿಸಿ ಜಮೀನನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಹುದು. ಇದನ್ನು ಕೋರಿ ಅರ್ಜಿ ಸಲ್ಲಿಸಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಕಷ್ಟಕಾಲದಲ್ಲಿ ಚಿಕ್ಕಾಸಿಗೆ ಭೂಮಿ ಕಳೆದುಕೊಂಡವರಿಗೆ ಈ ಕಾಯ್ದೆ ಅಗತ್ಯವಾಗಿತ್ತು. ಆ ಭೂಮಿಯನ್ನು ಬಡಾವಣೆಯನ್ನಾಗಿ ಮಾಡಿ ಮಾರಿದವರು ಲಾಭ ಎಣಿಸಿಕೊಂಡು ಹೋಗಿರುವಾಗ ಕೊನೆಯಲ್ಲಿ ನಿವೇಶನ ಕೊಂಡವರು ನಷ್ಟ ಹೊರಬೇಕಾಗುವುದರಿಂದ, ಬಡಾವಣೆ ಎದ್ದ ಜಮೀನಿನ ಮೂಲ ಮಂಜೂರಾತಿಯನ್ನೂ 1964ರ ಭೂಕಂದಾಯ ಕಾಯ್ದೆಯಡಿ ಆಗಿರಬೇಕಾದ ಭೂಪರಿವರ್ತನೆಯ ಆದೇಶವನ್ನೂ ತೋರಿಸುವಂತೆ ಮೊದಲೇ ಪಟ್ಟು ಹಿಡಿಯಬೇಕು.

ಇಸಿ ಎಂದೇ ಕರೆಯಲಾಗುವ ಋಣಭಾರ ಪ್ರಮಾಣಪತ್ರದಲ್ಲಿ ಏನೂ ಇಲ್ಲದಿದ್ದರೆ ನಿಶ್ಚಿಂತೆಯಿಂದ ಇರಬಹುದೇ ಎಂಬುದು ಮತ್ತೊಂದು ಸಾಮಾನ್ಯ ಪ್ರಶ್ನೆ. ಇಸಿ ಎಂದರೆ ಒಂದು ಆಸ್ತಿಯ ಬಗ್ಗೆ ನಿಗದಿತ ಅವಧಿಯಲ್ಲಿ ನೋಂದಣಿಯಾದ ಪತ್ರಗಳ ಪಟ್ಟಿಯಷ್ಟೆ. ವ್ಯವಹಾರಗಳಿದ್ದರೆ ಅದನ್ನು ನಮೂನೆ 15ರಲ್ಲಿ, ಇಲ್ಲದಿದ್ದರೆ ನಮೂನೆ 16ರಲ್ಲಿ ಕೊಡುತ್ತಾರೆ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಇವು ಅದರಲ್ಲಿ ಕಾಣದೇ ಹೋಗಬಹುದು. ಮೂಲ ಪತ್ರಗಳನ್ನು ಸಾಲ ಕೊಡುವವರ ಕೈಗಿತ್ತು ಪಡೆದ ಸಾಲವೂ ಹಾಗೆಯೇ ಮರೆಯಲ್ಲಿ ಉಳಿಯಬಹುದಾದ್ದರಿಂದ, ಮಾರುವವರು ಜೆರಾಕ್ಸ್ ಪ್ರತಿಗಳನ್ನಷ್ಟೇ ತೋರಿಸುತ್ತಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ ಮೂಲ ಪತ್ರಗಳು ಎಲ್ಲಿವೆ ಎಂದು ಕೇಳುವುದು ಕ್ಷೇಮ.

ಖಾತೆಯೂ ಒಡೆತನದ ಪುರಾವೆಯಲ್ಲ. ಯಾರಿಂದ ತೆರಿಗೆ ವಸೂಲು ಮಾಡಬೇಕೆಂದು ಸ್ಥಳೀಯ ಸಂಸ್ಥೆ ಇಟ್ಟುಕೊಂಡ ದಾಖಲೆ ಅದು. ಆದರೆ 2024ರ ಅಕ್ಟೋಬರ್‌ನಿಂದ ನಗರ ಪ್ರದೇಶಗಳಲ್ಲಿ ನೋಂದಣಿಗೆ ಖಾತೆಯ ಡಿಜಿಟಲ್ ರೂಪವಾದ ಇ-ಖಾತೆ ಕಡ್ಡಾಯವಾಗಿರುವುದರಿಂದ, ಮಾರುವವರ ಹೆಸರಿನಲ್ಲಿ ಅದು ಸಿದ್ಧವಿದೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಬೇಕಾಗುತ್ತದೆ.

ಮುಂಗಡ ಕೊಟ್ಟು ಮಾಡಿಕೊಳ್ಳುವ ಕ್ರಯದ ಕರಾರಿನಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ನೇರವಾಗಿಯೇ ಹೇಳುತ್ತದೆ. ಕರಾರು ಮುರಿದವರ ವಿರುದ್ಧ ಕ್ರಯಪತ್ರ ಬರೆದುಕೊಡಬೇಕೆಂದು ದಾವೆ ಹೂಡಬಹುದು, ಅದಕ್ಕಿರುವ ಅವಧಿ ಮೂರು ವರ್ಷ. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ ಬರೆಸಿಕೊಂಡು ಅದನ್ನೇ ಖರೀದಿಯೆಂದು ಭಾವಿಸುವ ರೂಢಿಗೆ ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತೆರೆ ಎಳೆಯಿತು: ನೋಂದಾಯಿತ ಕ್ರಯಪತ್ರವಿಲ್ಲದೆ ಒಡೆತನ ವರ್ಗವಾಗುವುದಿಲ್ಲ.

ಖರ್ಚಿನ ಲೆಕ್ಕ ಅಷ್ಟು ತೊಡಕಿನದಲ್ಲ. ಸರ್ಕಾರ ಗೊತ್ತುಪಡಿಸಿದ ಮಾರ್ಗಸೂಚಿ ದರ ಮತ್ತು ನಿಜವಾದ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆ ಸಾಮಾನ್ಯವಾಗಿ ಶೇ 5 ಮುದ್ರಾಂಕ ಶುಲ್ಕ, ಆ ಶುಲ್ಕದ ಮೇಲೆ ಸೆಸ್ ಮತ್ತು ಸರ್ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ ತೆರಬೇಕು. ಬೆಲೆ 50 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ಶೇ 1ರಷ್ಟನ್ನು ಟಿಡಿಎಸ್ ಆಗಿ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಮಾರುವವರು ಹೊರದೇಶದಲ್ಲಿ ನೆಲೆಸಿದ ಅನಿವಾಸಿಗಳಾದರೆ ಈ ಮಿತಿ ಅನ್ವಯಿಸದೆ ದರವೂ ಬಹಳ ಹೆಚ್ಚಾಗುವುದನ್ನು ಎಷ್ಟೋ ಮಂದಿ ತಡವಾಗಿ ತಿಳಿಯುತ್ತಾರೆ.

ಸಾಲ ಪಡೆದು ಕೊಳ್ಳುವಾಗ ಬ್ಯಾಂಕಿನ ವಕೀಲರು ಪತ್ರಗಳನ್ನು ನೋಡಿರುತ್ತಾರಾದ್ದರಿಂದ ಬೇರೆ ವಕೀಲರು ಬೇಡವೆಂಬ ಸಲಹೆ ಸರಿಯಲ್ಲ, ಏಕೆಂದರೆ ಆ ವರದಿ ಬ್ಯಾಂಕಿನ ಹಣವನ್ನು ಕಾಯಲು ಬರೆದದ್ದು. ಬ್ಯಾಂಕು ಮೂಲ ಪತ್ರಗಳನ್ನು ತನ್ನಲ್ಲಿ ಇಟ್ಟುಕೊಂಡು ಹಕ್ಕುಪತ್ರಗಳ ಠೇವಣಿಯ ಮೂಲಕ ಅಡಮಾನ ಪಡೆಯುತ್ತದೆ. ಅದಕ್ಕೊಂದು ಪತ್ರ ಬರೆಸಿ ನೋಂದಾಯಿಸಿದಾಗ ಇಸಿಯಲ್ಲಿ ಬ್ಯಾಂಕಿನ ಹೆಸರು ಕಾಣಿಸಿಕೊಳ್ಳುತ್ತದೆ.

ಬಡ್ಡಿ ಕಡಿಮೆ ಇರುವ ಮತ್ತೊಂದು ಬ್ಯಾಂಕಿಗೆ ಸಾಲ ವರ್ಗಾಯಿಸುವವರ ಮೂಲ ಪತ್ರಗಳು ಒಂದು ತಿಜೋರಿಯಿಂದ ಇನ್ನೊಂದಕ್ಕೆ ಸಾಗಬೇಕಾಗುತ್ತದೆ. ಹಳೆಯ ಬ್ಯಾಂಕಿನಿಂದ ಬಾಕಿಯ ವಿವರ ಮತ್ತು ಅದರ ಬಳಿಯಿರುವ ದಾಖಲೆಗಳ ಪಟ್ಟಿ ಪಡೆದು ಕೊಟ್ಟ ಮೇಲೆ ಹೊಸ ಬ್ಯಾಂಕು ಹಕ್ಕಿನ ಪರಿಶೀಲನೆಯನ್ನು ಮೊದಲಿನಿಂದ ನಡೆಸಿ, ಬಾಕಿ ಹಣವನ್ನು ನೇರವಾಗಿ ಹಳೆಯ ಬ್ಯಾಂಕಿಗೇ ಪಾವತಿಸುತ್ತದೆ. ಮನೆಗಾಗಿ ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿದರದ ಸಾಲವನ್ನು ಅವಧಿಗೆ ಮೊದಲೇ ತೀರಿಸಿದ್ದಕ್ಕೆ ದಂಡ ವಿಧಿಸುವಂತಿಲ್ಲ. ಆದರೆ ಹೊಸ ಬ್ಯಾಂಕಿನ ಸಂಸ್ಕರಣಾ ಶುಲ್ಕ, ವಕೀಲರ ಮತ್ತು ಮೌಲ್ಯಮಾಪಕರ ಶುಲ್ಕ, ಹೊಸ ಅಡಮಾನ ಪತ್ರದ ಖರ್ಚು ಇವೆಲ್ಲ ಸೇರಿದಾಗ, ಬಡ್ಡಿಯ ದೊಡ್ಡ ಪಾಲು ಆಗಲೇ ಸಂದುಹೋಗಿರುವ ಹಳೆಯ ಸಾಲಗಳಲ್ಲಿ ಉಳಿತಾಯ ಕರಗಿಬಿಡಬಹುದು. ಇದೇ ದರವನ್ನು ಅಲ್ಪ ಶುಲ್ಕಕ್ಕೆ ಹಳೆಯ ಬ್ಯಾಂಕೇ ಕೊಡುತ್ತದೆಯೇ ಎಂದು ಮೊದಲು ಕೇಳುವುದು ಮೇಲು.

ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರಗಳು ಕೈಸೇರಿದ ದಿನವೇ ಅವುಗಳನ್ನು ಸಾಲ ಪಡೆಯುವಾಗ ಒಪ್ಪಿಸಿದ ಪತ್ರಗಳ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು. ಅಡಮಾನ ಬಿಡುಗಡೆ ಪತ್ರವನ್ನೂ ಬ್ಯಾಂಕಿನಿಂದ ಬರೆಸಿಕೊಂಡು ನೋಂದಾಯಿಸಬೇಕು. ಅದನ್ನು ಬಿಟ್ಟರೆ ತೀರಿಹೋದ ಸಾಲ ಇಸಿಯಲ್ಲಿ ಹಾಗೆಯೇ ಉಳಿದು, ಮುಂದೆ ಮನೆ ಮಾರಹೊರಟಾಗ ಕೊಳ್ಳಬಂದವರ ವಕೀಲರು ಎತ್ತುವ ಮೊದಲ ಆಕ್ಷೇಪ ಅದೇ ಆಗುತ್ತದೆ.