ಗೋದಾಮಿಗಿಂತ ಲಾರಿ ಬಾಡಿಗೆಯೇ ದುಬಾರಿ

ಶಿಡ್ಲಘಟ್ಟದ ರೇಷ್ಮೆಗೂಡು, ಚಿಂತಾಮಣಿಯ ಟೊಮೆಟೊ ಮಾರುಕಟ್ಟೆಗಳ ಚಿತ್ರ, ವಿಡಿಯೊಗಳನ್ನು ಜಾಲತಾಣದಲ್ಲಿ ತೋರಿಸಿ ಬದುಕು ಕಟ್ಟಿಕೊಳ್ಳಬಯಸುವ ಚಿಕ್ಕಬಳ್ಳಾಪುರ ಜಿಲ್ಲೆಯ ತರುಣರು ನನ್ನ ಸಲಹೆ ಕೇಳುವುದುಂಟು. ಬಂಡವಾಳವೆಂದರೆ ಕ್ಯಾಮೆರಾ, ಕಂಪ್ಯೂಟರು ಎಂದೇ ಅವರ ಎಣಿಕೆ. ಅರ್ಥಶಾಸ್ತ್ರ ಓದಿದ ನನಗೆ ಕಾಣುವುದು ಬೇರೆ ಖರ್ಚು.

ಸರ್ವರಿನಲ್ಲಿ ಚಿತ್ರವನ್ನು ಇಡುವುದಕ್ಕೆ ತೆರುವುದು ಗೋದಾಮಿನ ಬಾಡಿಗೆ. ಓದುಗನಿಗೆ ತಲುಪಿಸುವುದಕ್ಕೆ ತೆರುವುದು ಲಾರಿ ಬಾಡಿಗೆ. 2006ರಲ್ಲಿ ಅಮೆಜಾನ್ ತನ್ನ ಎಸ್‌3 ಸೇವೆಯನ್ನು ಆರಂಭಿಸಿದಾಗ ಒಂದು ಗಿಗಾಬೈಟ್ ಇಡಲು ತಿಂಗಳಿಗೆ 15 ಸೆಂಟ್, ಸಾಗಿಸಲು 20 ಸೆಂಟ್ ದರವಿತ್ತು. 4 ಮೆಗಾಬೈಟಿನ ಚಿತ್ರವೊಂದನ್ನು ಇಡಲು ಆಗ ತಿಂಗಳಿಗೆ ಒಂದು ಸೆಂಟೂ ಬೀಳುತ್ತಿರಲಿಲ್ಲ. ಅದನ್ನೇ ಹತ್ತು ಸಾವಿರ ಜನ ನೋಡಿದರೆ 40 ಗಿಗಾಬೈಟ್, ಅಂದರೆ 8 ಡಾಲರ್! ದರಗಳು ಈಗ ಇಳಿದಿವೆ. 2016ರಲ್ಲಿ ಮುಂಬೈಯಲ್ಲೇ ಆ ಕಂಪನಿಯ ದತ್ತಾಂಶ ಕೇಂದ್ರಗಳು ಆರಂಭವಾದವು. ಆದರೆ ಲೆಕ್ಕದ ಸ್ವರೂಪ ಬದಲಾಗಿಲ್ಲ. ಪತ್ರಿಕೆ ಹೆಚ್ಚು ಮಾರಾಟವಾದರೆ ಓದುಗ ಹಣ ಕೊಡುತ್ತಾನೆ. ಜಾಲತಾಣ ಜನಪ್ರಿಯವಾದರೆ ಮೊದಲು ಬರುವುದು ಬಿಲ್ಲು, ಜಾಹೀರಾತು ಆಮೇಲೆ, ಬಂದರೆ.

ಅದೇ ಚಿತ್ರವನ್ನು 200 ಕಿಲೋಬೈಟಿಗೆ ಕುಗ್ಗಿಸಿದರೆ ಮೊಬೈಲ್ ಪರದೆಯಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣದು. ಸಾಗಣೆ ಖರ್ಚು ಇಪ್ಪತ್ತರಲ್ಲಿ ಒಂದು ಪಾಲು. ಗೌರಿಬಿದನೂರಿನ ಹಳ್ಳಿಯ ಓದುಗನ ಡೇಟಾವೂ ಉಳಿಯುತ್ತದೆ. ಮೂಲ ಪ್ರತಿ ಹಾರ್ಡ್‌ಡಿಸ್ಕಿನಲ್ಲಿರಲಿ, ಎರಡು ಕಡೆ. ವಿಡಿಯೊವನ್ನಂತೂ ಯೂಟ್ಯೂಬಿಗೆ ಬಿಡುವುದೇ ಲೇಸು. ಹಿಡಿತ ಸಡಿಲವಾಗುತ್ತದೆ, ನಿಜ, ಆದರೆ ಸಾಗಣೆ ವೆಚ್ಚ ಅವರದು. ಸರ್ಕಾರಿ ಕಚೇರಿಯಲ್ಲಿ ಪ್ರತಿ ಕಡತಕ್ಕೂ ಎಷ್ಟು ವರ್ಷ ಇಡಬೇಕೆಂಬ ವರ್ಗವಿರುತ್ತದೆ (ಪಾಲನೆಯ ಮಾತು ಬೇರೆ). ನಿನ್ನೆಯ ಟೊಮೆಟೊ ದರದ ವಿಡಿಯೊಗೆ ಶಾಶ್ವತ ವರ್ಗ ಬೇಡ. ಇ-ಹರಾಜಿಗೆ ಮುಂಚಿನ ಗೂಡು ಮಾರುಕಟ್ಟೆಯ ಚಿತ್ರಕ್ಕೆ ಬೇಕು.